ಅಮ್ಮನ ಬಲಗಣ್ಣಿಗೇ ಪೊರೆ ಯಾಕೆ ಬಂತು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನಿಗೆ 61 ವರ್ಷ. ಕಳೆದ ತಿಂಗಳು ಊರಿನ ಶಾಲೆಯಲ್ಲಿ ನಡೆದ ಕಣ್ಣಿನ ಕ್ಯಾಂಪಿನಲ್ಲಿ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದರು. ಚೀಟಿಯಲ್ಲಿ ಬಲಗಣ್ಣು 6/60, ಎಡಗಣ್ಣು 6/18 ಎಂದು ಬರೆದಿದ್ದಾರೆ. ಮಧ್ಯಾಹ್ನ ಅಂಗಳದಲ್ಲಿ ಮೊರ ಹಿಡಿದು ಕೂತರೆ ಅಕ್ಕಿಯೊಳಗಿನ ಕಲ್ಲು ಕಾಣಲ್ಲ, ಸಂಜೆ ನಡುಮನೆಯಲ್ಲಿ ಕೂತರೆ ಪರವಾಗಿಲ್ಲ ಅಂತಾರೆ. ಮದುವೆಯಾದಾಗಿನಿಂದ ನಾಟಿ, ಕಳೆ ಅಂತ ಗದ್ದೆಯಲ್ಲೇ ಇದ್ದವರು. ಮನೆಗೆ ಗ್ಯಾಸ್ ಬಂದಿದ್ದರೂ ಮುದ್ದೆ ಮತ್ತು ಸ್ನಾನದ ನೀರು ಈಗಲೂ ಸೌದೆ ಒಲೆಯ ಮೇಲೆ. 38ನೇ ವಯಸ್ಸಿಗೇ ಗರ್ಭಕೋಶ ತೆಗೆಸಿದ್ದಾರೆ. ಒಂಬತ್ತು ವರ್ಷದಿಂದ ಶುಗರ್ ಇದೆ, ಹೋದ ಸಲ ಮೂರು ತಿಂಗಳ ಸರಾಸರಿ 8.9 ಬಂದಿತ್ತು. ಮಂಡಿನೋವಿಗೆ ಎರಡು ವರ್ಷದಿಂದ ಸಂತೆಯಲ್ಲಿ ಒಬ್ಬರು ಕೊಡುವ ಪುಡಿ ತಗೋತಾರೆ, ಅದರಿಂದಲೇ ಓಡಾಡುವ ಹಾಗಾಗಿದೆ. ನಾಲ್ಕು ವರ್ಷದ ಹಿಂದೆ ಕಬ್ಬಿನ ಗರಿ ಬಲಗಣ್ಣಿಗೆ ಹೊಡೆದು ಕೆಂಪಾಗಿತ್ತು. ಮೆಡಿಕಲ್ ಸ್ಟೋರಿನವರು ಕೊಟ್ಟ ಡ್ರಾಪ್ಸ್‌ಗೆ ವಾಸಿಯಾಯಿತು. ಆಮೇಲೂ ಕಣ್ಣು ಉರಿದಾಗಲೆಲ್ಲ ಅದನ್ನೇ ತರಿಸಿ ಹಾಕಿಕೊಳ್ಳುತ್ತಿದ್ದರು. ಅಪ್ಪನಿಗೆ 68, ದಿನಾ ಬೀಡಿ ಸೇದುತ್ತಾರೆ, ಅವರ ಕಣ್ಣು ಚೆನ್ನಾಗಿದೆ. ಹಾಗಿರುವಾಗ ಅಮ್ಮನಿಗೇ ಯಾಕೆ? ಒಲೆ ಹೊಗೆಯಿಂದ ಬಂತು ಅಂತ ಎಲ್ಲರೂ ಹೇಳುತ್ತಾರೆ, ನಿಜವೇ? ಪೊರೆ ಇನ್ನೂ ಬಲಿತಿಲ್ಲ, ಕಾಯಿರಿ ಎನ್ನುವವರೂ ಇದ್ದಾರೆ. ಕರಗಿಸುವ ಔಷಧಿ ಇದೆಯೇ? ನನಗೀಗ 36, ನನಗೂ ಬರುತ್ತದೆಯೇ?

ಉತ್ತರ: ಪೊರೆಗೆ ಒಲೆಯೇ ಕಾರಣವೆಂದು ನಿಮ್ಮೂರಿನವರು ತೀರ್ಮಾನಿಸಿಬಿಟ್ಟಿದ್ದಾರೆ. ನಿಮ್ಮ ಪತ್ರ ಓದಿದರೆ ನನಗೆ ಒಲೆಗಿಂತ ಮೊದಲು ಅನುಮಾನ ಬರುವುದು ಆ ಪುಡಿ ಪೊಟ್ಟಣದ ಮೇಲೆ ಮತ್ತು ಡ್ರಾಪ್ಸ್ ಬಾಟಲಿಯ ಮೇಲೆ. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ಪೊರೆ ಎಂದರೆ ಏನು ಎನ್ನುವುದು ಸ್ಪಷ್ಟವಾಗಲಿ.

ಪೊರೆ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಕೆರೆದು ತೆಗೆಯಬಹುದು ಎಂದುಕೊಳ್ಳುತ್ತಾರೆ. ಹಾಗಲ್ಲ. ಕಪ್ಪು ಪಾಪೆಯ ಹಿಂದೆ, ಹುಣಸೆ ಬೀಜಕ್ಕಿಂತ ಚಿಕ್ಕದಾದ ಒಂದು ಮಸೂರವಿದೆ. ಅಗಲ ಸುಮಾರು 9 ಮಿಲಿಮೀಟರ್, ದಪ್ಪ 4ರಿಂದ 5. ಹುಟ್ಟುವಾಗ ಅದು ನೀರಿನಷ್ಟು ತಿಳಿ. ಅದರ ನಡುತಿರುಳಿನ ಪ್ರೋಟೀನ್ ಬಹುಪಾಲು ಹುಟ್ಟಿದಾಗಿನದೇ. ಚರ್ಮ, ಕೂದಲಿನ ಹಾಗೆ ಉದುರಿ ಹೊಸದು ಬರುವುದಿಲ್ಲ. ಆದ್ದರಿಂದ ಆಯುಷ್ಯದುದ್ದಕ್ಕೂ ಬಿಸಿಲು, ಹೊಗೆ, ಸಕ್ಕರೆ, ಔಷಧಿ ಮಾಡಿದ ಹಾನಿಯೆಲ್ಲ ಅಲ್ಲೇ ಕೂಡಿಕೊಂಡು ಹೋಗುತ್ತದೆ. ಪ್ರೋಟೀನ್ ಕಣಗಳು ಒಂದಕ್ಕೊಂದು ಅಂಟಿ ಗಂಟಾದಾಗ ಬೆಳಕು ನೇರ ಹೋಗದೆ ಚದುರುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನೊಂದು ಗೊಂದಲ: ಹಳ್ಳಿಗಳಲ್ಲಿ ಕಣ್ಣಿಗೆ ‘ಹೂವು ಬಿದ್ದಿದೆ’ ಎನ್ನುವುದು ಸಾಮಾನ್ಯವಾಗಿ ಪೊರೆಯಲ್ಲ. ಅದು ಕಣ್ಣಿನ ಮುಂಭಾಗದ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಗೆ ಗಾಯವಾಗಿ ಉಳಿದ ಬಿಳಿ ಕಲೆ. ಕಬ್ಬಿನ ಗರಿ ಹೊಡೆದ ಕಣ್ಣು ಎಂದಿದ್ದೀರಿ, ಹಾಗಾಗಿ ನಿಮ್ಮ ತಾಯಿಯ ವಿಷಯದಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡಬೇಕು. ಕಲೆಯೂ ಇದ್ದರೆ ಪೊರೆ ತೆಗೆದ ಮೇಲೂ ಪೂರ್ತಿ ದೃಷ್ಟಿ ಬರುವುದಿಲ್ಲ. ಅದು ಆಪರೇಷನ್‌ಗೆ ಮೊದಲೇ ಗೊತ್ತಿರುವುದು ಒಳ್ಳೆಯದು.

ಪೊರೆಯಲ್ಲೂ ಜಾತಿಗಳಿವೆ. ಮಸೂರದ ನಡುತಿರುಳು ಹಳದಿಯಾಗಿ, ಕಂದಾಗಿ ಗಟ್ಟಿಯಾಗುವುದು ಒಂದು. ಇದರಲ್ಲಿ ದೂರದ್ದು ಮೊದಲು ಮಸುಕಾಗುತ್ತದೆ. ವಿಚಿತ್ರವೆಂದರೆ ಚಾಳೀಸು ಇಲ್ಲದೆಯೇ ಪೇಪರ್ ಓದುವಷ್ಟು ಹತ್ತಿರದ ದೃಷ್ಟಿ ಕೆಲಕಾಲ ಮರಳಿ ಬರಬಹುದು. ‘ಅಜ್ಜಿಗೆ ಕಣ್ಣು ವಾಪಸ್ ಬಂತು’ ಎಂದು ಮನೆಯವರು ಸಂತೋಷಪಡುವುದು ಈ ಹಂತದಲ್ಲೇ. ಎರಡನೆಯದರಲ್ಲಿ ಅಂಚಿನಿಂದ ನಡುವಿಗೆ ಚಕ್ರದ ಕಡ್ಡಿಗಳಂತೆ ಬಿಳಿಗೆರೆ ಇಳಿಯುತ್ತವೆ. ಮೂರನೆಯದು ಮಸೂರದ ಹಿಂಬದಿಯಲ್ಲಿ, ಸರಿಯಾಗಿ ನಡುವೆ ಕೂರುವ ಕಲೆ. ಬಿಸಿಲಿಗೆ ಪಾಪೆ ಕಿರಿದಾದಾಗ ಬೆಳಕೆಲ್ಲ ಆ ಕಲೆಯ ಮೂಲಕವೇ ಹೋಗಬೇಕಾಗುತ್ತದೆ, ಆಗ ಎಲ್ಲ ಮಂಜು. ಸಂಜೆ ಪಾಪೆ ಹಿಗ್ಗಿದಾಗ ಸುತ್ತಲಿನ ತಿಳಿಭಾಗದಿಂದ ಬೆಳಕು ನುಸುಳುತ್ತದೆ, ಆಗ ಪರವಾಗಿಲ್ಲ.

ಅಂಗಳದಲ್ಲಿ ಕಾಣದ ಕಲ್ಲು ನಡುಮನೆಯಲ್ಲಿ ಕಾಣುತ್ತದೆ ಎಂದು ನೀವು ಬರೆದದ್ದು ಇದನ್ನೇ ಸೂಚಿಸುತ್ತದೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದಲ್ಲಿ ನೋಡದೆ ಖಚಿತವಾಗಿ ಹೇಳಲಾಗದು. ಆದರೆ ಈ ಹಿಂಬದಿ ಪೊರೆಯ ಹಳೆಯ ಸಂಗಾತಿಗಳೆಂದರೆ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್, ಅಂದರೆ ಊತ, ನೋವು ಬೇಗ ಇಳಿಸುವ ಹಾರ್ಮೋನು ಜಾತಿಯ ಔಷಧಿ. ಒಲೆ ಹೊಗೆ ಮತ್ತು ಬೀಡಿಯ ನಂಟು ಹೆಚ್ಚಾಗಿ ನಡುತಿರುಳಿನ ಪೊರೆಗೆ, ಬಿಸಿಲಿನದು ಅಂಚಿನ ಪೊರೆಗೆ. ಒಬ್ಬರಲ್ಲೇ ಎರಡು ಮೂರು ಜಾತಿ ಕಲೆತಿರುವುದೂ ಉಂಟು.

ಪುಡಿ ಮತ್ತು ಬಾಟಲಿ

ಸಂತೆಯ ಪುಡಿಯ ಒಳಗೆ ಏನಿದೆ ಎಂದು ನಾನು ನೋಡಿಲ್ಲ. ಆದರೆ ಲೇಬಲ್ ಇಲ್ಲದ, ಎರಡು ಮೂರು ದಿನದಲ್ಲೇ ಮಂಡಿನೋವು ಮಾಯ ಮಾಡುವ, ಬಿಟ್ಟರೆ ಮೈಕೈಯೆಲ್ಲ ಹಿಡಿದುಕೊಳ್ಳುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಕಂಡುಬರುವ ಸಂಗತಿ. ಬೇರು, ನಾರು, ಸೊಪ್ಪು ಇಷ್ಟು ಬೇಗ ಕೆಲಸ ಮಾಡುವುದಿಲ್ಲ. ಅಮ್ಮನನ್ನೇ ಗಮನಿಸಿ. ಮುಖ ದುಂಡಗಾಗಿದೆಯೇ? ಹೊಟ್ಟೆ ಬಂದು ಕೈಕಾಲು ಸಣ್ಣಗಾಗಿವೆಯೇ? ಚರ್ಮ ತೆಳುವಾಗಿ, ಸ್ವಲ್ಪ ತಾಗಿದರೂ ನೀಲಿಗಟ್ಟುತ್ತದೆಯೇ? ಪುಡಿ ಶುರುವಾದ ಮೇಲೆ ಶುಗರ್ ಏರಿದೆಯೇ? ಹಳೆಯ ರಿಪೋರ್ಟುಗಳಿದ್ದರೆ ದಿನಾಂಕ ಹೋಲಿಸಿ ನೋಡಿ. 8.9ರಲ್ಲಿ ಪುಡಿಯದ್ದೂ ಪಾಲಿರಬಹುದು. ಸ್ಟೀರಾಯ್ಡ್ ಮಸೂರವನ್ನು ನೇರವಾಗಿಯೂ ಕೆಡಿಸುತ್ತದೆ, ಸಕ್ಕರೆ ಏರಿಸಿ ಇನ್ನೊಂದು ದಾರಿಯಿಂದಲೂ ಕೆಡಿಸುತ್ತದೆ. ಜೊತೆಗೆ ಮೂಳೆ ಸವೆಸುತ್ತದೆ. ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಷ್ಟು ಮಾತ್ರೆಯನ್ನು ವರ್ಷ ದಾಟಿಸಿ ತೆಗೆದುಕೊಂಡವರ ಕಣ್ಣನ್ನು ನಾವು ತಪ್ಪದೆ ನೋಡುತ್ತೇವೆ. ಆದರೆ ಪುಡಿಯಲ್ಲಿ ಎಷ್ಟಿದೆ ಎಂದು ಅದನ್ನು ಕಟ್ಟಿಕೊಡುವವರಿಗೂ ಗೊತ್ತಿರುವುದಿಲ್ಲ.

ಇದನ್ನು ಓದಿ ಇವತ್ತೇ ಪುಡಿ ಕಸಿದು ಎಸೆಯಬೇಡಿ. ವರ್ಷಗಟ್ಟಲೆ ಸ್ಟೀರಾಯ್ಡ್ ಹೊರಗಿನಿಂದ ಬಂದರೆ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ತೀವ್ರ ಸುಸ್ತು, ಬಿಪಿ ಕುಸಿತ ಆಗಬಹುದು. ಅದು ಪ್ರಾಣಕ್ಕೆ ಕುತ್ತು. ಪೊಟ್ಟಣ ಸಮೇತ ಫಿಸಿಶಿಯನ್ ಬಳಿ ಕರೆದೊಯ್ಯಿರಿ. ಬೆಳಗ್ಗೆ ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ದೇಹವೇ ತಯಾರಿಸುವ ಸ್ಟೀರಾಯ್ಡ್, ಎಷ್ಟಿದೆ ಎಂದು ನೋಡಿ, ಗೊತ್ತಿರುವ ಮಾತ್ರೆಗೆ ಬದಲಾಯಿಸಿ ಹಂತಹಂತವಾಗಿ ಇಳಿಸುತ್ತಾರೆ. ಮಂಡಿಗೂ ಬೇರೆ ದಾರಿ ಹೇಳಬೇಕಾಗುತ್ತದೆ. ನೋವು ಹಾಗೇ ಉಳಿದರೆ ಮುಂದಿನ ಸಂತೆಗೆ ಅಮ್ಮ ಮತ್ತೆ ಹೋಗುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ.

ಈಗ ಬಾಟಲಿಯ ಮಾತು. ಸಕ್ಕರೆ, ಪುಡಿ, ಹೊಗೆ, ಬಿಸಿಲು ಇವೆಲ್ಲ ಎರಡೂ ಕಣ್ಣಿಗೆ ಸಮನಾಗಿ ಸಿಗುವಂಥವು. ಹಾಗಿದ್ದೂ ಬಲಗಣ್ಣು 6/60ಕ್ಕೆ ಇಳಿದು ಎಡಗಣ್ಣು 6/18ರಲ್ಲಿ ನಿಂತಿದೆ. ಎರಡು ಕಣ್ಣಿಗೆ ಪೊರೆ ಹಿಂದುಮುಂದಾಗಿ ಬರುವುದು ಸಹಜವೇ, ಆದರೂ ಇಷ್ಟು ಅಂತರ ಕಂಡರೆ ‘ಈ ಕಣ್ಣಿಗೆ ಮಾತ್ರ ಆದದ್ದೇನು’ ಎಂದು ಕೇಳಲೇಬೇಕು. ಉತ್ತರವನ್ನು ನೀವೇ ಬರೆದಿದ್ದೀರಿ. ಗರಿ ಹೊಡೆದದ್ದು ಬಲಗಣ್ಣಿಗೆ, ಡ್ರಾಪ್ಸ್ ಬಿದ್ದದ್ದೂ ಅದಕ್ಕೇ. ಗರಿ ಮೇಲ್ಪದರ ಗೀರಿದ್ದರೆ ಅದರಿಂದಲೇ ಪೊರೆ ಬರುವುದು ಅಪರೂಪ. ಪೆಟ್ಟು ಜೋರಾಗಿದ್ದರೆ ಅಥವಾ ಒಳಗೆ ಚುಚ್ಚಿದ್ದರೆ ಮಾತ್ರ ಆ ಪ್ರಶ್ನೆ. ಕೆಂಪು ಕಣ್ಣಿಗೆ ಅಂಗಡಿಯಲ್ಲಿ ಕೊಡುವ ಎಷ್ಟೋ ಡ್ರಾಪ್ಸ್‌ಗಳಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಕೆಂಪು ಒಂದೇ ದಿನದಲ್ಲಿ ಇಳಿಯುವುದು ಅದರಿಂದಲೇ, ಉರಿ ಬಂದಾಗಲೆಲ್ಲ ಅದನ್ನೇ ತರಿಸಬೇಕು ಅನ್ನಿಸುವುದೂ ಅದರಿಂದಲೇ. ಬಾಟಲಿಯ ಮೇಲಿನ ಸಣ್ಣಕ್ಷರದಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಇವೆಯೇ ನೋಡಿ. ಹೆಸರಿನ ಬಾಲ ‘ಸೋನ್’ ಅಥವಾ ‘ಲೋನ್’ ಎಂದಿದ್ದರೆ ಬಹುತೇಕ ಅದು ಸ್ಟೀರಾಯ್ಡೇ. ಎಲೆ, ಹೊಟ್ಟು, ಗರಿ ತಾಗಿ ಗಾಯವಾದ ಕಣ್ಣಿಗೆ ಇದನ್ನು ಹಾಕುವುದು ಇನ್ನೂ ಅಪಾಯ. ಅಂಥ ಗಾಯದಲ್ಲಿ ಬೂಷ್ಟು ಸೋಂಕು ಹತ್ತಬಹುದು, ಸ್ಟೀರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಅಮ್ಮ ಆ ಸಲ ಪಾರಾದದ್ದು ಅದೃಷ್ಟ.

ಈ ಬಾಟಲಿಯಿಂದ ಇನ್ನೊಂದು ಹಾನಿಯಿದೆ, ನನಗೆ ಪೊರೆಗಿಂತ ಅದರದ್ದೇ ಹೆಚ್ಚು ಚಿಂತೆ. ಸ್ಟೀರಾಯ್ಡ್ ಡ್ರಾಪ್ಸ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರ ಸವೆಯುತ್ತದೆ. ಅದೇ ಗ್ಲಾಕೋಮಾ. ಪೊರೆಯಿಂದ ಹೋದ ದೃಷ್ಟಿಯನ್ನು ಆಪರೇಷನ್ ತಂದುಕೊಡಬಹುದು, ನರ ಸತ್ತು ಹೋದ ದೃಷ್ಟಿಯನ್ನು ಯಾರೂ ತರಲಾರರು. ಆದ್ದರಿಂದ ತಾರೀಖು ಗೊತ್ತುಮಾಡುವ ಮೊದಲು ಎರಡೂ ಕಣ್ಣಿನ ಒತ್ತಡ ಅಳೆಸಿ, ನರ ನೋಡಲು ಹೇಳಿ.

ಹೆಣ್ಣುಮಕ್ಕಳಿಗೇ ಯಾಕೆ ಹೆಚ್ಚು

ಒಂದೇ ವಯಸ್ಸಿನ ಗಂಡಸರಿಗಿಂತ ಹೆಂಗಸರಲ್ಲಿ ಪೊರೆ ಹೆಚ್ಚು, ಅದರಲ್ಲೂ ಅಂಚಿನ ಪೊರೆ. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಎನ್ನುವುದು ಕಾರಣದ ಒಂದು ಭಾಗ ಮಾತ್ರ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದರಿಂದ ಮಸೂರಕ್ಕಿದ್ದ ಒಂದು ರಕ್ಷಣೆ ಹೋಗುತ್ತದೆ ಎಂಬ ವಾದವಿದೆ. ಪುರಾವೆ ಮಾತ್ರ ಅಷ್ಟು ಗಟ್ಟಿಯಿಲ್ಲ, ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 38ಕ್ಕೇ ಗರ್ಭಕೋಶ ತೆಗೆಸಿದರು ಎಂದಿರಿ. ಅಂಡಾಶಯಗಳನ್ನೂ ತೆಗೆದಿದ್ದರೆ ಆ ದಿನದಿಂದಲೇ ಹಾರ್ಮೋನು ನಿಂತಂತೆ. ಹಳೆಯ ಡಿಸ್ಚಾರ್ಜ್ ಚೀಟಿ ಸಿಕ್ಕರೆ ನೋಡಿ. ಕಣ್ಣಿಗಿಂತ ಅವರ ಮೂಳೆಯ ಲೆಕ್ಕಕ್ಕೆ ಅದು ಮುಖ್ಯ, ಪುಡಿಯೂ ಸೇರಿರುವುದರಿಂದ ಮತ್ತಷ್ಟು. ಹಾಗೆಂದು ಪೊರೆ ತಡೆಯಲು ಹಾರ್ಮೋನ್ ಮಾತ್ರೆ ಕೊಡುವ ರೂಢಿ ಇಲ್ಲ, ಕೇಳಲೂಬೇಡಿ.

ಒಲೆಯ ಹೊಗೆ ನಿರಪರಾಧಿಯಲ್ಲ. ಸೌದೆ, ಬೆರಣಿ ಉರಿಸಿ ಅಡುಗೆ ಮಾಡುವ ಹೆಂಗಸರಲ್ಲಿ ಪೊರೆ ಹೆಚ್ಚೆಂದು ಭಾರತ ಮತ್ತು ನೇಪಾಳದ ಅಧ್ಯಯನಗಳಲ್ಲಿ ಕಂಡಿದೆ. ಹೊಗೆ ಕಣ್ಣಿಗೆ ತಾಗಿ ಮಾತ್ರ ಅಲ್ಲ, ಉಸಿರಿನಿಂದ ರಕ್ತಕ್ಕೆ ಸೇರಿದ ವಿಷವೂ ಮಸೂರ ತಲುಪುತ್ತದೆ. ಬೀಡಿ ಹೊಗೆಯ ದಾರಿಯೂ ಅದೇ. ಮಟ್ಟೆ, ತೆಂಗಿನ ಗರಿ ಹಸಿಯಾಗಿದ್ದಾಗ ಊದುಗೊಳವೆ ಹಿಡಿದು ಬಗ್ಗುತ್ತಾರಲ್ಲ, ಆಗ ಮುಖ ಬೆಂಕಿಗೆ ಎರಡಡಿ ಹತ್ತಿರವಿರುತ್ತದೆ. ಹೊಗೆ ಹೆಚ್ಚು ತಾಗುವುದು ಆ ಹೊತ್ತಿನಲ್ಲೇ. ಒಣ ಸೌದೆ ಒಂದು ವಾರ ಮುಂಚೆಯೇ ಸೂರಿನಡಿ ಜೋಡಿಸಿಟ್ಟುಕೊಂಡರೆ ಊದುವ ಕೆಲಸವೇ ಕಡಿಮೆ. ಮುದ್ದೆ ಗ್ಯಾಸಿನ ಮೇಲೂ ಆಗುತ್ತದೆ. ರುಚಿಯ ತಕರಾರು ಬಂದರೆ ಅದನ್ನು ಅಪ್ಪನ ಜೊತೆ ನೀವೇ ಬಗೆಹರಿಸಿಕೊಳ್ಳಿ! ಬಚ್ಚಲ ಒಲೆಯನ್ನು ಹೊರಗೆ ಹಾಕಿ, ಅಥವಾ ಹೊಗೆ ಕೊಳವೆ ಸೂರಿನಿಂದ ಮೇಲಕ್ಕೆ ಹೋಗಲಿ.

ಬಿಸಿಲಿನ ಹಾನಿ ಅದರ ನೇರಳಾತೀತ ಕಿರಣದಿಂದ, ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಹೆಚ್ಚು. ನಾಲೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವರಿಗೆ ಕೆಳಗಿನಿಂದಲೂ ಬೆಳಕು ಹೊಡೆಯುತ್ತದೆ. ತಲೆಗೆ ಹೊದ್ದ ಸೆರಗು ನೆತ್ತಿ ಕಾಯುತ್ತದೆ, ಕಣ್ಣನ್ನಲ್ಲ. ಮೂರು ಬೆರಳಗಲ ಅಂಚಿರುವ ಟೋಪಿ, ಜೊತೆಗೆ ‘ಯುವಿ 400’ ಎಂದಿರುವ ಕನ್ನಡಕ ಬೇಕು. ಗಾಜು ಕಪ್ಪಗಿರಬೇಕಾಗಿಲ್ಲ, ತಿಳಿ ಗಾಜಿಗೂ ಆ ಲೇಪ ಸಿಗುತ್ತದೆ.

ಸಕ್ಕರೆಯ ಕೆಲಸ ಹೀಗೆ: ಏರಿದ ಗ್ಲೂಕೋಸ್ ಮಸೂರದೊಳಗೆ ಹೋಗಿ ಸಾರ್ಬಿಟಾಲ್ ಆಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೀರು ಎಳೆದುಕೊಂಡು ಮಸೂರ ಊದುತ್ತದೆ. ಪ್ರೋಟೀನಿಗೂ ಸಕ್ಕರೆ ಅಂಟುತ್ತದೆ. ಶುಗರ್ ಏರಿಳಿದಾಗ ಕನ್ನಡಕದ ನಂಬರ್ ಬದಲಾಗುವುದು ಇದರಿಂದಲೇ. ಹತೋಟಿಗೆ ಬಂದು ಕೆಲವು ವಾರ ಕಳೆಯುವವರೆಗೆ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಹೆಂಗಸರ ಪೊರೆ ನಮ್ಮ ಬಳಿ ಬರುವುದೇ ತಡವಾಗಿ. ಗಂಡಸಿಗೆ ಬೈಕ್ ಓಡಿಸಲು ಕಷ್ಟವಾದರೆ ಮರುವಾರ ಆಸ್ಪತ್ರೆಯಲ್ಲಿರುತ್ತಾನೆ. ಮೊರದಲ್ಲಿ ಕಲ್ಲು ಕಾಣದಿದ್ದರೆ ಸೊಸೆಯ ಕೈಗೆ ಮೊರ ಹೋಗುತ್ತದೆ, ಅಷ್ಟೇ. ‘ನನಗೇನು ಓದುವುದಿದೆಯಾ’ ಎಂದು ಅವರೂ ಸುಮ್ಮನಾಗುತ್ತಾರೆ. ಕರೆದೊಯ್ಯುವವರು ಬಿಡುವಾಗಬೇಕು, ನಾಟಿ ಮುಗಿಯಬೇಕು, ಹಬ್ಬ ಕಳೆಯಬೇಕು.

ಬಲಿಯಲಿ ಎಂದು ಕಾಯಬೇಕೇ?

ಬೇಡ. ಆ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಸಾಮೂಹಿಕ ಶಿಬಿರ ನಡೆಸುತ್ತಿದ್ದ ದಿನಗಳಲ್ಲಿ ಇಡೀ ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯುವ ಪದ್ಧತಿ ವಾಡಿಕೆಯಲ್ಲಿತ್ತು. ಬಲಿತದ್ದು ಸುಲಭವಾಗಿ ಬರುತ್ತಿತ್ತು. ಒಳಗೆ ಲೆನ್ಸ್ ಇಡದೆ ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರಿಂದ, ಸ್ವಲ್ಪವಾದರೂ ಕಾಣುವ ಕಣ್ಣನ್ನು ಮುಟ್ಟದಿರುವುದೇ ಲೇಸೆನಿಸುತ್ತಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಮೊದಲ ಲೆನ್ಸ್ ಇಟ್ಟಿದ್ದರೂ ಅದು ನಮ್ಮ ಹಳ್ಳಿಗಳ ತನಕ ಬರಲು ದಶಕಗಳು ಬೇಕಾದವು. ಈಗ ಲೆಕ್ಕ ತಿರುಗಿದೆ. ಬಲಿತಷ್ಟೂ ತಿರುಳು ಕಲ್ಲಾಗುತ್ತದೆ, ಒಡೆಯಲು ಹೆಚ್ಚು ಶಕ್ತಿ ಬೇಕು, ಕಾರ್ನಿಯಾಗೆ ಪೆಟ್ಟು ಹೆಚ್ಚು. ತೀರಾ ಬಲಿತು ಊದಿದರೆ ಅಥವಾ ಸೋರಿದರೆ ಕಣ್ಣಿನ ಒತ್ತಡ ಹಠಾತ್ತನೆ ಏರಿ ತಲೆ ಸಿಡಿಯುವ ನೋವು, ವಾಂತಿ ಬರುತ್ತದೆ. ಆಗ ತುರ್ತಾಗಿ ಮಾಡುವ ಆಪರೇಷನ್‌ಗೂ ಸಮಾಧಾನವಾಗಿ ಮಾಡುವುದಕ್ಕೂ ಬಹಳ ವ್ಯತ್ಯಾಸ.

ಕರಗಿಸುವ ಔಷಧಿ ಇಲ್ಲ. ಡ್ರಾಪ್ಸ್, ಮಾತ್ರೆ, ಲೇಹ್ಯ ಯಾವುದರಿಂದಲೂ ಪೊರೆ ತಿಳಿಯಾಗುವುದು ಸಾಬೀತಾಗಿಲ್ಲ. ಜೇನುತುಪ್ಪ, ಈರುಳ್ಳಿ ರಸ, ನಂದಿಬಟ್ಟಲು ಹೂವಿನ ರಸ ಹಿಂಡುವುದರಿಂದ ಹುಣ್ಣಾಗಿ ನಿಜವಾದ ‘ಹೂವು’ ಬೀಳುವ ಸಂಭವವೇ ಹೆಚ್ಚು. ಸೊಪ್ಪಿನ ಬಸ್ಸಾರು ಮೈಗೆ ಒಳ್ಳೆಯದು, ಉಣ್ಣಲಿ. ಆದರೆ ವಿಟಮಿನ್ ಮಾತ್ರೆ ನುಂಗಿ ಪೊರೆ ತಡೆಯಲಾಗದು. ಮೊಬೈಲ್, ಟೀವಿ ನೋಡಿ ಪೊರೆ ಬರುವುದಿಲ್ಲ.

ಹಾಗಾದರೆ ಇರುವ ದಾರಿಗಳು? ಎಡಗಣ್ಣಿಗೆ ಸದ್ಯ ಕನ್ನಡಕ ನೋಡಿ ಕಾಯಬಹುದು. ಬಲಗಣ್ಣಿಗೆ ಕನ್ನಡಕದಿಂದ ಪ್ರಯೋಜನ ಕಡಿಮೆ. 6/60 ಎಂದರೆ ಒಳ್ಳೆಯ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವುದನ್ನು ಅಮ್ಮ 6 ಮೀಟರ್ ಹತ್ತಿರ ಹೋಗಿ ನೋಡಬೇಕು. ಮುಸ್ಸಂಜೆ ಮೆಟ್ಟಿಲಲ್ಲಿ ಎಡವಿದರೆ, ಸವೆದ ಮೂಳೆಗೆ ಸೊಂಟ ಮುರಿಯುವ ಅಪಾಯವೂ ಇದೆ. ಮಾಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ವಿಧಾನ ಎರಡು. 6ರಿಂದ 7 ಮಿಲಿಮೀಟರ್ ಗಾಯದಿಂದ, ಹೊಲಿಗೆಯಿಲ್ಲದೆ ಮಾಡುವುದು ಒಂದು, ಇದು ಶಿಬಿರಗಳಲ್ಲಿ ಹೆಚ್ಚು. ಇನ್ನೊಂದು ಫೇಕೋ, ಗಾಯ 3 ಮಿಲಿಮೀಟರ್‌ಗೂ ಕಡಿಮೆ. ಜನ ಇದನ್ನು ‘ಲೇಸರ್’ ಎನ್ನುತ್ತಾರೆ, ವಾಸ್ತವವಾಗಿ ಒಡೆಯುವುದು ಅಲ್ಟ್ರಾಸೌಂಡ್. ಫೇಕೋದಲ್ಲಿ ಬೇಗ ಚೇತರಿಕೆ, ಕನ್ನಡಕಕ್ಕೆ ಬರುವ ಅಡ್ಡ ನಂಬರ್ (ಸಿಲಿಂಡರ್) ಕಡಿಮೆ. ಆದರೆ ಗಟ್ಟಿ ಪೊರೆಗೆ ಮೊದಲನೆಯದು ಕೀಳೇನಲ್ಲ, ನುರಿತ ಕೈಯಲ್ಲಿ ಫಲಿತಾಂಶ ಹತ್ತಿರ ಹತ್ತಿರ ಒಂದೇ. ದೂರಕ್ಕೂ ಹತ್ತಿರಕ್ಕೂ ಆಗುವ ದುಬಾರಿ ಮಲ್ಟಿಫೋಕಲ್ ಲೆನ್ಸ್ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ, ಶುಗರ್‌ನಿಂದ ಅಕ್ಷಿಪಟಲ (ಕಣ್ಣಿನ ಹಿಂಭಾಗದ ರೆಟಿನಾ ಪದರ) ಕೆಟ್ಟಿದ್ದಲ್ಲಿ ಅದು ಹೊಂದುವುದಿಲ್ಲ ಎಂದು ನೆನಪಿಡಿ. ಸಾಧಾರಣ ಲೆನ್ಸ್, ಓದಲು, ಅಕ್ಕಿ ಆರಿಸಲು ಒಂದು ಚಾಳೀಸು, ಇಷ್ಟು ಸಾಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ನೇತ್ರ ವಿಭಾಗವಿದೆ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಲೆನ್ಸ್ ಸಮೇತ ಆಪರೇಷನ್ ಉಚಿತ. ಊರಿನ ಆಶಾ ಕಾರ್ಯಕರ್ತೆಗೆ ದಾರಿ ಗೊತ್ತಿರುತ್ತದೆ.

ಮುಂಚೆ ಆಗಬೇಕಾದ್ದು: ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವುದು, ಕಾಣದಷ್ಟು ಪೊರೆಯಿದ್ದರೆ ಬಿ-ಸ್ಕ್ಯಾನ್, ಲೆನ್ಸ್ ನಂಬರಿಗೆ ಎ-ಸ್ಕ್ಯಾನ್ (ಎರಡೂ ಕಣ್ಣಿನ ಅಲ್ಟ್ರಾಸೌಂಡ್ ಪರೀಕ್ಷೆಗಳು), ಕಣ್ಣೀರಿನ ನಾಳ ತೆರೆದಿದೆಯೇ ಎಂಬ ಪರೀಕ್ಷೆ, ಬಿಪಿ, ಶುಗರ್. ಶುಗರ್ ಸಾಮಾನ್ಯವಾಗಿ 200ರ ಆಸುಪಾಸಿಗೆ ಇಳಿದಿರಲಿ ಎಂದು ನೋಡುತ್ತೇವೆ. ಮೂರು ತಿಂಗಳ ಸರಾಸರಿ 8.9 ಇದೆಯೆಂದು ಆರು ತಿಂಗಳು ಮುಂದೂಡಬೇಕಿಲ್ಲ, ಹದಿನೈದು ದಿನದಲ್ಲಿ ಬಲವಂತವಾಗಿ ಇಳಿಸುವುದೂ ಒಳ್ಳೆಯದಲ್ಲ, ಅಕ್ಷಿಪಟಲದ ತೊಂದರೆ ಇದ್ದರೆ ಅದು ಕೆರಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ. ಕಿಡ್ನಿ ಕಲ್ಲಿಗೆಂದು ಟ್ಯಾಮ್ಸುಲೋಸಿನ್ ತೆಗೆದುಕೊಂಡಿದ್ದರೆ ಹೇಳಿ, ಆಪರೇಷನ್ ವೇಳೆ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ. ಪುಡಿಯ ವಿಷಯ ಮುಚ್ಚಿಡಬೇಡಿ. ಬೆಳಗ್ಗೆ ತಿಂಡಿ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗಿ ಬಂದು ಟೇಬಲ್ ಮೇಲೆ ತಲೆಸುತ್ತಿ ಬೆವರುವವರಿದ್ದಾರೆ. ತಿನ್ನಬೇಕೇ ಬೇಡವೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಅಪಾಯ ಇಲ್ಲವೆಂದರೆ ಸುಳ್ಳಾಗುತ್ತದೆ. ಎಲ್ಲರೂ ಹೆದರುವ ಒಳಸೋಂಕು ಸಾವಿರಕ್ಕೆ ಒಂದರ ಆಸುಪಾಸು. ಮಸೂರದ ಚೀಲ ಹರಿಯುವುದು ನೂರಕ್ಕೆ ಒಂದೆರಡು, ಆಗ ಲೆನ್ಸ್ ಬೇರೆ ರೀತಿ ಕೂರಿಸಬೇಕಾಗಬಹುದು. ಶುಗರ್ ಇರುವವರಲ್ಲಿ ಅಕ್ಷಿಪಟಲದ ನಡುವೆ ನೀರು ತುಂಬಿ ಕೆಲವು ವಾರದ ಬಳಿಕ ಮಸುಕಾಗುವುದು ಸ್ವಲ್ಪ ಹೆಚ್ಚು. ‘ಪೊರೆ ಮತ್ತೆ ಬಂತು’ ಎನ್ನುವುದು ತಿಂಗಳು, ವರ್ಷಗಳ ಮೇಲೆ ಲೆನ್ಸ್ ಹಿಂದಿನ ಚೀಲ ಮಸುಕಾಗುವುದು. ಯಾಗ್ ಲೇಸರ್‌ನಿಂದ ಅದರಲ್ಲೊಂದು ಕಿಂಡಿ ತೆರೆದರೆ ಮುಗಿಯಿತು, ಐದು ನಿಮಿಷದ ಕೆಲಸ.

ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸೋಪಿನಲ್ಲಿ ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಮೆಲ್ಲಗೆ ಎಳೆದು ಆ ಜೋಳಿಗೆಯೊಳಗೆ ಒಂದೇ ತೊಟ್ಟು. ಬಾಟಲಿ ಮೂತಿ ರೆಪ್ಪೆಗೆ, ಕೂದಲಿಗೆ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಂದು ಡ್ರಾಪ್ಸ್ ಐದು ನಿಮಿಷ ಬಿಟ್ಟು. ಇದರಲ್ಲೂ ಸ್ಟೀರಾಯ್ಡ್ ಇರುತ್ತದಲ್ಲ ಎಂದು ಗಾಬರಿಯಾಗಬೇಡಿ. ಒಳಗಿರುವುದು ಈಗ ಪ್ಲಾಸ್ಟಿಕ್ ಲೆನ್ಸ್, ಅದಕ್ಕೆ ಪೊರೆ ಬರುವುದಿಲ್ಲ. ಊತ ಇಳಿಸಲು ನಾಲ್ಕರಿಂದ ಆರು ವಾರ ಅದನ್ನು ಕಡಿಮೆ ಮಾಡುತ್ತಾ ಹೋಗುತ್ತೇವೆ, ಒತ್ತಡ ನೋಡುತ್ತಿರುತ್ತೇವೆ. ಮುಗಿದ ಮೇಲೆ ಉಳಿದದ್ದನ್ನು ಎಸೆಯಿರಿ, ಪಕ್ಕದ ಮನೆಯವರ ಕೆಂಪು ಕಣ್ಣಿಗೆ ಕೊಡಬೇಡಿ. ಎರಡು ವಾರ ತಲೆಸ್ನಾನದ ನೀರು, ಒಲೆ ಹೊಗೆ, ಭತ್ತದ ಧೂಳು ಬೇಡ. ಕೊಡ ಎತ್ತುವುದೂ ಬೇಡ. ಬದನೆಕಾಯಿ, ಮೀನು, ಮಾಂಸ ನಂಜು ಎಂದು ತಿಂಗಳುಗಟ್ಟಲೆ ಬರೀ ತಿಳಿಸಾರು ಅನ್ನ ಹಾಕಬೇಡಿ, ಗಾಯ ಮಾಯಲು ಪ್ರೋಟೀನ್ ಬೇಕು, ಬರೀ ಅನ್ನಕ್ಕೆ ಶುಗರೂ ಏರುತ್ತದೆ. ನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ಕೆಂಪು ಏರಿದರೆ, ನಿನ್ನೆ ಕಂಡದ್ದು ಇವತ್ತು ಕಾಣದಿದ್ದರೆ ರಾತ್ರಿಯಾದರೂ ಸರಿ ಹೊರಡಿ, ಸೋಮವಾರ ಬರಲಿ ಎಂದು ಕಾಯಬೇಡಿ.

ನಿಮ್ಮ ಮಾತಿಗೆ ಬಂದರೆ, ತಾಯಿಗೆ ವಯಸ್ಸಾದ ಮೇಲೆ ಬಂದ ಪೊರೆ ನಿಮಗೂ ಬೇಗ ಬರುತ್ತದೆಂದು ಅರ್ಥವಲ್ಲ. ಮನೆತನದ ಪ್ರಭಾವ ಸ್ವಲ್ಪ ಇದೆ, ಆದರೆ ಅಮ್ಮನಿಂದ ನಿಮಗೆ ಬರಬಹುದಾದದ್ದರಲ್ಲಿ ಹೆಚ್ಚು ಗಮನ ಬೇಕಾದದ್ದು ಶುಗರ್. ವರ್ಷಕ್ಕೊಮ್ಮೆ ನೋಡಿಸಿ. ನೀವು ಹೆಣ್ಣುಮಗಳಾಗಿದ್ದು ಬಸಿರಿನಲ್ಲಿ ಶುಗರ್ ಬಂದಿದ್ದರೆ ತಪ್ಪಿಸಲೇಬೇಡಿ. 40ರಿಂದ ಎರಡು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ, ನರ ನೋಡಿಸಿ.

ಇನ್ನು ಅಪ್ಪನ ಕಣ್ಣು ಚೆನ್ನಾಗಿದೆ ಎಂದು ಬರೆದಿದ್ದೀರಿ. ಕ್ಯಾಂಪಿನಲ್ಲಿ ಅವರು ತೋರಿಸಿಕೊಂಡರೋ, ಅಥವಾ ಅವರೇ ಹಾಗೆಂದರೋ? ಗೋಡೆಯ ಕ್ಯಾಲೆಂಡರ್‌ನಿಂದ ಹತ್ತು ಅಡಿ ದೂರ ನಿಲ್ಲಿಸಿ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ತಾರೀಖಿನ ಕೆಳಗಿನ ಸಣ್ಣಕ್ಷರ ಓದಿಸಿ ನೋಡಿ. 68 ವರ್ಷ, ಬೀಡಿ, ಗದ್ದೆ ಬಿಸಿಲು ಎಲ್ಲ ಇರುವಾಗ ಎರಡೂ ಕಣ್ಣಿನಲ್ಲಿ ಸರಾಗ ಓದಿದರೆ ಸಂತೋಷ. ತಡವರಿಸಿದರೆ ಅಮ್ಮನ ಜೊತೆ ಅದೇ ಬಸ್ಸಿನಲ್ಲಿ ಅವರನ್ನೂ ಕರೆತನ್ನಿ, ಪುಡಿ ಪೊಟ್ಟಣ ಮತ್ತು ಹಳೆಯ ಬಾಟಲಿ ಬ್ಯಾಗಿನಲ್ಲಿರಲಿ.